ಇಂಗ್ಲಿಷನ್ನು ಎದುರು ಹಾಕಿಕೊಂಡ ಭಾವ

ನಮ್ಮ ಭಾವನಿಗೆ, ಅಂದರೆ ನಮ್ಮಕ್ಕನ ಗಂಡನಿಗೆ, ಇಂಗ್ಲಿಷ್ ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಬರುತ್ತಿತ್ತು ಸ್ವಾಮಿ, ಬೇಕಾದಷ್ಟು ಬರುತ್ತಿತ್ತು! ಆಸ್ಟ್ರೇಲಿಯಾದವರಿಗೆ ಬರುತ್ತಿರಲಿಲ್ಲ, ಅಷ್ಟೇ. ತಲೆದಿಂಬಿನ ಗಾತ್ರದ ವೈದ್ಯಶಾಸ್ತ್ರದ ಪುಸ್ತಕಗಳನ್ನು ಮೈಸೂರಿನಲ್ಲಿ ಅರೆದು ಕುಡಿದವರು ಅವರು. ಮೈಯೊಳಗಿನ ಯಾವ ಮೂಳೆಯನ್ನು ಮುಟ್ಟಿದರೂ ಅದರ ವಂಶಾವಳಿ ಒಪ್ಪಿಸಬಲ್ಲವರು. ಅಂಥವರು ಎಪ್ಪತ್ತರ ದಶಕದ ನಡುವಿನಲ್ಲಿ ನಮ್ಮಕ್ಕನನ್ನು ಕರೆದುಕೊಂಡು ಪರ್ತ್‌ನಲ್ಲಿ ವಿಮಾನ ಇಳಿದರೆ, ಅಲ್ಲಿ ಜನ ಆಡುತ್ತಿದ್ದದ್ದು ಪುಸ್ತಕದಲ್ಲಿದ್ದ ಇಂಗ್ಲಿಷೇ ಅಲ್ಲ!

ಮೊದಲ ಪೆಟ್ಟು ಬಿದ್ದದ್ದು ಮೊದಲ ವಾರದಲ್ಲೇ. ಭಾವನ ಸಹಪಾಠಿಯೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದರು. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಇಣುಕಿ, ಶನಿವಾರ ಬಾರ್ಬಿ ಇದೆ, ನೀವಿಬ್ಬರೂ ಬನ್ನಿ, “ಬ್ರಿಂಗ್ ಎ ಪ್ಲೇಟ್” ಎಂದರಂತೆ. ಬಾರ್ಬಿ ಎಂದರೆ ಹಿತ್ತಿಲಲ್ಲಿ ಒಲೆ ಹಚ್ಚಿ ಮಾಡುವ ಊಟ ಎಂಬುದು ಹೇಗೋ ಗೊತ್ತಾಯಿತು. ಪ್ಲೇಟಿನದೇ ಚಿಂತೆ. ಕೇಳೋಣವೆಂದರೆ ಸಹಪಾಠಿ ಆಸ್ಪತ್ರೆಯ ಡ್ಯೂಟಿಯಲ್ಲಿ.

“ಪಾಪ ಕಣೆ, ಮನೇಲಿ ತಟ್ಟೆಗೂ ಗತಿ ಇಲ್ಲ ಅನ್ಸತ್ತೆ” ಎಂದರು ಭಾವ.

“ಒಂದೇ ತಗೊಂಡು ಹೋದ್ರೆ ಚೆನ್ನಾಗಿರತ್ತೇನ್ರೀ?” ಎಂದಳು ಅಕ್ಕ. ಗಂಡನಿಗೆ ತಕ್ಕ ಹೆಂಡತಿ!

ಮದುವೆಯಲ್ಲಿ ನಮ್ಮಜ್ಜಿ ಉಡುಗೊರೆ ಕೊಟ್ಟ ಅರ್ಧ ಡಜನ್ ಸ್ಟೀಲ್ ತಟ್ಟೆಗಳು, ಅಜ್ಜಿಯ ಹೆಸರು ಕೊರೆಸಿದವು, ಹುಣಸೆಹಣ್ಣಿನಲ್ಲಿ ಥಳಥಳ ತೊಳೆಸಿಕೊಂಡು ಪಕ್ಕದ ಮನೆಗೆ ನಡೆದವು. ಅಲ್ಲಿ ನೋಡಿದರೆ ಬಂದವರೆಲ್ಲ ಒಂದೊಂದು ಬಗೆ ತಿಂಡಿ ಹಿಡಿದು ಬಂದಿದ್ದಾರೆ! ಪ್ಲೇಟ್ ಎಂದರೆ ತಟ್ಟೆಯಲ್ಲ, ತಿಂಡಿ ತುಂಬಿದ ತಟ್ಟೆ ಎಂಬುದು ಆಗ ಇಬ್ಬರ ತಲೆಗೂ ಹೋಯಿತು. ಆ ಮಹಾತಾಯಿ “ಓ, ಹೌ ಲವ್ಲಿ!” ಎಂದು ಆರೂ ತಟ್ಟೆಗಳನ್ನು ಎದೆಗೆ ಅವಚಿಕೊಂಡು ಒಳಗೆ ಹೋಗಿ ಗಾಜಿನ ಬೀರುವಿನಲ್ಲಿ ಇಟ್ಟುಬಿಟ್ಟರು. ವಾಪಸು ಕೇಳುವ ಬಾಯಿ ಯಾರಿಗಿದೆ? ಶ್ರೀರಂಗಪಟ್ಟಣ ದಾಟದ ನಮ್ಮಜ್ಜಿಯ ಹೆಸರು ಪರ್ತ್‌ನ ಯಾವುದೋ ಬೀರುವಿನಲ್ಲಿ ಇವತ್ತಿಗೂ ಹೊಳೆಯುತ್ತಿರಬೇಕು.

ಆ ಅವಮಾನಕ್ಕೆ ಭಾವ ಒಂದು ಉದ್ದನೆಯ ನೋಟ್‌ಬುಕ್ ಕೊಂಡರು. ಅವತ್ತಿನಿಂದ ಇಂಗ್ಲಿಷಿಗೂ ಅವರಿಗೂ ಹಗೆ. ಕಿವಿಗೆ ಬಿದ್ದ ನುಡಿಗಟ್ಟನ್ನೆಲ್ಲ ಹಿಡಿದು ತಂದು ಅದರಲ್ಲಿ ಕೂಡಿಹಾಕುವುದು, ಹೆಣ ಕೊಯ್ದ ಹಾಗೆ ಕೊಯ್ದು ನೋಡುವುದು. ಪುಟ್, ಗೆಟ್, ಟೇಕ್ ಇವೆಲ್ಲ ಮೂಳೆಗಳಂತೆ. ಅಪ್, ಆಫ್, ಔಟ್ ಇವು ಸ್ನಾಯುಗಳಂತೆ. ಯಾವ ಮೂಳೆಗೆ ಯಾವ ಸ್ನಾಯು ಅಂಟಿದರೆ ಕಾಲು ಯಾವ ಕಡೆ ಏಳುತ್ತದೆ ಎಂದು ಪುಟಗಟ್ಟಲೆ ಚಿತ್ರ ಬರೆದರು.

ಅಷ್ಟು ಹೊತ್ತಿಗೆ ಅವರು ಬ್ರಿಸ್ಬೇನ್ ಸೇರಿ, ಅಲ್ಲಿನ ಟೂವಾಂಗ್ ಬಡಾವಣೆಯಲ್ಲಿ ಕಂಬಗಳ ಮೇಲೆ ನಿಂತ ಒಂದು ಮರದ ಮನೆಯಲ್ಲಿ ಬಾಡಿಗೆಗಿದ್ದರು. ಕೆಲಸ ಆಸ್ಪತ್ರೆಯಲ್ಲೇ. ಆದರೆ ಡಾಕ್ಟರಾಗಿ ಅಲ್ಲ, ರೋಗಿಗಳ ಟ್ರಾಲಿ ತಳ್ಳುವ ಕೆಲಸ. ನನ್ನ ಯಜಮಾನರೂ ಡಾಕ್ಟರೇ, ಆದರೆ ಇಂಗ್ಲೆಂಡ್ ಸುತ್ತಿಕೊಂಡು ಅಡಿಲೇಡಿಗೆ ಬಂದವರಾದ್ದರಿಂದ ಅವರನ್ನು ಯಾರೂ ಏನೂ ಕೇಳಲಿಲ್ಲ. ಮೈಸೂರಿನಿಂದ ನೇರವಾಗಿ ಬಂದ ತಪ್ಪಿಗೆ ಭಾವ ಮತ್ತೆ ಪರೀಕ್ಷೆ ಕೊಡಬೇಕಾಯಿತು. ಬರೆಯುವ ಪರೀಕ್ಷೆ ಮೊದಲ ಸಲವೇ ಸಲೀಸಾಗಿ ಮುಗಿಯಿತು. ಕಂಟಕವಾದದ್ದು ಮೌಖಿಕ. ಒಬ್ಬ ನಿಜವಾದ ರೋಗಿಯನ್ನು ಎದುರಿಗೆ ಕೂರಿಸುತ್ತಾರೆ, ಮಾತಾಡಿಸಿ ಕಾಯಿಲೆ ಪತ್ತೆ ಮಾಡಬೇಕು. ಅವಕಾಶ ಮೂರೇ ಸಲ.

ಮೈಸೂರಿನಲ್ಲಿ ಭಾವ ಬೀದಿಗಿಳಿದರೆ ತರಕಾರಿಯವಳಿಂದ ಹಿಡಿದು ಟಾಂಗಾದವನವರೆಗೆ ಎಲ್ಲರೂ “ಡಾಕ್ಟ್ರೇ, ಡಾಕ್ಟ್ರೇ” ಎಂದು ಅಡ್ಡಹಾಕಿ ನಾಲಿಗೆ ತೋರಿಸುತ್ತಿದ್ದರು. ಇಲ್ಲಿ ಅವರು ಎಲ್ಲರಿಗೂ ‘ಮೇಟ್’. “ಮೇಟ್, ಈ ಟ್ರಾಲಿ ತಗೊಂಡು ಹೋಗು.” “ಮೇಟ್, ಆ ಬಕೆಟ್ ಎತ್ತು.” ಪಾಪ, ಪ್ರೀತಿಯಿಂದಲೇ ಕರೆಯುತ್ತಿದ್ದರು. ಆದರೂ ಭಾವ ಒಮ್ಮೆ ಅಕ್ಕನ ಹತ್ತಿರ, “ಇನ್ನೊಂದ್ಸಲ ಯಾರಾದ್ರೂ ನನ್ನ ಡಾಕ್ಟರ್ ಅಂತ ಕರೀತಾರೇನೇ?” ಎಂದು ಕೇಳಿದ್ದರಂತೆ. ಅಕ್ಕ ಅದನ್ನು ನನಗೆ ಫೋನಿನಲ್ಲಿ ಹೇಳಿ ಅತ್ತಿದ್ದಳು.

ಸರಿ, ಮೊದಲನೆಯ ಮೌಖಿಕ. ರೋಗಿ ಕುಳಿತವನೇ “ಐ ಆಮ್ ಎ ಬಿಟ್ ಕ್ರೂಕ್, ಮೇಟ್” ಎಂದ. ಅಲ್ಲಿನ ಮಾತಿನಲ್ಲಿ ಅದಕ್ಕೆ ಮೈಗೆ ಹುಷಾರಿಲ್ಲ ಎಂದರ್ಥ. ಭಾವನಿಗೆ ಗೊತ್ತಿದ್ದ ಕ್ರೂಕ್ ಒಬ್ಬನೇ, ಕಳ್ಳ! ಮುಖ ನೋಡಿದರೆ ಸಂಭಾವಿತನ ಹಾಗಿದ್ದಾನೆ. ಕರುಣೆ ಉಕ್ಕಿಬಂತು. “ನೋ ನೋ, ಯು ಲುಕ್ ಲೈಕ್ ಎ ವೆರಿ ಆನೆಸ್ಟ್ ಮ್ಯಾನ್” ಎಂದು ಭುಜ ತಟ್ಟಿ ಸಮಾಧಾನ ಮಾಡಿದರು. ಫೇಲು.

ಎರಡನೆಯ ಸಲ ಬಂದ ಮುದುಕರು ದನಿ ತಗ್ಗಿಸಿ, ನನ್ನ ವಾಟರ್‌ವರ್ಕ್ಸ್ ಸ್ವಲ್ಪ ತಂಟೆ ಮಾಡುತ್ತಿದೆ ಎಂದರಂತೆ. ಮೂತ್ರದ ತೊಂದರೆ ಹೇಳಿಕೊಳ್ಳುವ ಮರ್ಯಾದೆಯ ಮಾತು ಅದು. ಕನ್ನಂಬಾಡಿ ನೀರು ಕುಡಿದು ಬೆಳೆದ ನಮ್ಮ ಭಾವನಿಗೆ ವಾಟರ್‌ವರ್ಕ್ಸ್ ಎಂದರೆ ಒಂದೇ. “ಸರ್, ಇದನ್ನು ನೀವು ಕಾರ್ಪೊರೇಷನ್ನಿಗೆ ತಿಳಿಸಬೇಕು” ಎಂದುಬಿಟ್ಟರು! ಪರೀಕ್ಷಕರಲ್ಲಿ ಒಬ್ಬರು ಕೆಮ್ಮುತ್ತಾ ಹೊರಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲವಂತೆ. ಮತ್ತೆ ಫೇಲು.

ಉಳಿದದ್ದು ಒಂದೇ ಸಲ. ಭಾವ ಪಟ್ಟು ಹಿಡಿದರು. ಮನೆಯಲ್ಲಿ ಇನ್ನು ಮುಂದೆ ನುಡಿಗಟ್ಟಿಲ್ಲದೆ ಮಾತಿಲ್ಲ ಎಂದು ಘೋಷಿಸಿದರು. ಆ ಬೇಸಿಗೆಯಲ್ಲಿ ನಾನು ಒಂದು ತಿಂಗಳು ಅಲ್ಲಿದ್ದೆ. ತಲೆ ಚಿಟ್ಟು ಹಿಡಿದುಹೋಯಿತು.

“ರೀ, ಸಾರು ಆರಿಹೋಗತ್ತೆ, ಬನ್ನಿ” ಎಂದು ಅಕ್ಕ ಅಡುಗೆಮನೆಯಿಂದ ಕೂಗಿದರೆ, “ಹೋಲ್ಡ್ ಯುವರ್ ಹಾರ್ಸಸ್!” ಎಂದು ಉತ್ತರ, ಅಂದರೆ ಸ್ವಲ್ಪ ತಾಳು ಎಂದು.

“ಕುದುರೆ ಕಟ್ಟಿಹಾಕಿಯೇ ಬನ್ನಿ. ಸಾರು ಮಾತ್ರ ಇನ್ನೊಂದ್ಸಲ ಬಿಸಿ ಮಾಡಲ್ಲ.”

ಮಳೆ ಬಂದರೆ ಸಾಕು, ಬೆಕ್ಕು ನಾಯಿ ಸುರಿಯುತ್ತಿವೆ ಎಂದು ಇಂಗ್ಲಿಷಿನಲ್ಲಿ ಕೂಗುವರು. ನಾಲ್ಕು ವರ್ಷದ ಮಗಳು, ಅಲ್ಲೇ ಹುಟ್ಟಿದವಳು, ಬೊಂಬೆಯಿಂದ ತಲೆಯೆತ್ತದೆ, “ಅಪ್ಪಾ, ನೋಬಡಿ ಸೇಸ್ ದಟ್” ಎನ್ನುವಳು.

“ಮತ್ತೆ ನಿಮ್ಮ ಟೀಚರ್ ಏನಂತಾರೇ?”

“ಶಿ ಸೇಸ್ ಇಟ್ಸ್ ರೇನಿಂಗ್.”

ಒಂದು ದಿನ ಭಾವ ನೋಟ್‌ಬುಕ್ಕನ್ನು ಮೇಜಿಗೆ ಕುಕ್ಕಿದರು. “ಅಲ್ಲಾ ಕಣೆ, ಪುಟ್ ಅಂದ್ರೆ ಇಡೋದು. ಮುಂದಕ್ಕೆ ಹಾಕೋಕೂ ಪುಟ್ಟು, ಅವಮಾನ ಮಾಡೋಕೂ ಪುಟ್ಟು, ಸಹಿಸ್ಕೊಳ್ಳೋಕೂ ಪುಟ್ಟು! ಇದೇನು ಭಾಷೆನಾ?”

ಅಕ್ಕ ಹುರುಳಿಕಾಯಿ ಹೆಚ್ಚುತ್ತಾ ಹೇಳಿದಳು: “ನಾವು ಹರಟೆ ಹೊಡೀತೀವಿ, ಗೊರಕೆ ಹೊಡೀತೀವಿ, ಈಜು ಹೊಡೀತೀವಿ. ಯಾರಿಗಾದ್ರೂ ಪೆಟ್ಟು ಬಿತ್ತೇನ್ರೀ?”

ಭಾವ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆ ತಿಂಗಳ ಕೊನೆಗೆ ಪಾಸ್ ಔಟ್ ಎಂದರೆ ಎಚ್ಚರ ತಪ್ಪುವುದು, ಪಾಸ್ ಅವೇ ಎಂದರೆ ತೀರಿಕೊಳ್ಳುವುದು, ಪಾಸ್ ಅಪ್ ಎಂದರೆ ಬಂದದ್ದನ್ನು ಬೇಡವೆನ್ನುವುದು ಎಂದು ಕೈಬೆರಳಲ್ಲಿ ಎಣಿಸುತ್ತಿದ್ದರು. ಬರೀ ಪಾಸ್ ಆಗುವುದೊಂದು ಬಾಕಿ ಇತ್ತು.

ಮೂರನೆಯ ಮೌಖಿಕಕ್ಕೆ ಅಡಿಲೇಡಿಗೆ ಬರಹೇಳಿದರು. ಭಾವ ನಮ್ಮ ಮನೆಯಲ್ಲೇ ಉಳಿದರು. ಬೆಳಗ್ಗೆ ಉಪ್ಪಿಟ್ಟು ಮುಂದಿಟ್ಟರೆ ಚಮಚದಲ್ಲಿ ಗುಡ್ಡೆ ಮಾಡುತ್ತಾ ಕುಳಿತರು. “ಇದೂ ಹೋದ್ರೆ ಜೀವಮಾನವೆಲ್ಲಾ ಟ್ರಾಲಿನೇ ಕಣಮ್ಮಾ” ಎಂದು ನಕ್ಕರು. ನಗು ಮುಖಕ್ಕೆ ಹೊಂದಲಿಲ್ಲ. ನಾನು ಏನೋ ತಮಾಷೆ ಮಾಡಿ ಕಳಿಸಿಕೊಟ್ಟೆ, ಆಮೇಲೆ ದೇವರ ಮುಂದೆ ಹೋಗಿ ನಿಂತೆ.

ಮಧ್ಯಾಹ್ನ ಕಳೆದು ವಾಪಸು ಬಂದವರು ಬೂಟನ್ನೂ ಬಿಚ್ಚದೆ ಊಟದ ಮೇಜಿನ ಮುಂದೆ ಕುಳಿತುಬಿಟ್ಟರು. “ಏನಾಯ್ತು ಭಾವ?”

“ಏನಂತ ಹೇಳ್ಲಮ್ಮಾ? ಐದು ವರ್ಷ ಈ ಜನರ ಇಂಗ್ಲಿಷ್ ಕಲಿತೆ. ಇವತ್ತು ನನ್ನ ಮುಂದೆ ಕೂರಿಸಿದ್ದು ಯಾರನ್ನ ಗೊತ್ತಾ? ಒಬ್ಬರು ಇಟಲಿ ಅಜ್ಜಿ! ತಲೆಗೆ ಕರೀ ಬಟ್ಟೆ ಕಟ್ಟಿದ್ರು. ಇಂಗ್ಲಿಷ್ ಹತ್ತು ಪದ ಬಂದ್ರೆ ಹೆಚ್ಚು!”

ನನಗೆ ನಗು ತಡೆಯಲಾಗಲಿಲ್ಲ. ಕ್ಷಮಿಸಿ, ನಿಮಗಾದರೂ ತಡೆಯಲಾಗುತ್ತಿತ್ತೇ?

“ಪಾದ ಉಜ್ಜಿಕೊಳ್ತಾ ಇದ್ರು. ಜೋಮು ಇರಬೇಕು ಅನ್ನಿಸ್ತು. ಜೋಮು ಹಿಡಿಯೋದಕ್ಕೆ ಇವರು ಏನಂತಾರೆ? ಪಿನ್ಸ್ ಅಂಡ್ ನೀಡಲ್ಸ್. ನೋಟ್‌ಬುಕ್ಕಲ್ಲಿ ಕೆಂಪು ಗೆರೆ ಎಳೆದಿದ್ದೆ. ಗತ್ತಿನಿಂದ ಕೇಳಿದೆ, ಡು ಯು ಗೆಟ್ ಪಿನ್ಸ್ ಅಂಡ್ ನೀಡಲ್ಸ್? ಅಷ್ಟೇ! ‘ನೋ ನೀಡಲ್! ನೋ ನೀಡಲ್!’ ಅಂತ ಕಿರುಚಿ ಕಾಲು ಮೇಲೆ ಎಳ್ಕೊಂಡ್ಬಿಟ್ರು. ಪಾಪ, ವಾರದಿಂದ ಇಂಜೆಕ್ಷನ್ ಚುಚ್ಚಿಸ್ಕೊಂಡು ಬೆದರಿಹೋಗಿದಾರೆ. ನನಗಿಂತ ಮುಂಚೆ ಹೋದ ಹುಡುಗರಿಗೂ ಹೀಗೇ ಆಯ್ತಂತೆ. ಜೋಮು ಇಲ್ಲ ಅಂತ ಬರ್ಕೊಂಡು ಎದ್ದುಬಂದಿದಾರೆ.”

“ಆಮೇಲೆ?”

“ಆಮೇಲೆ ಅಜ್ಜಿ ಪಾದ ತೋರಿಸಿ ‘ಆಂಟ್, ಮೆನಿ ಆಂಟ್’ ಅಂದ್ರು. ಯಾರೋ ಚಿಕ್ಕಮ್ಮಂದಿರು ನೋಡೋಕೆ ಬಂದಿದಾರೇನೋ ಅಂದ್ಕೊಂಡೆ! ಅಷ್ಟರಲ್ಲಿ ಎರಡು ಬೆರಳನ್ನ ಪಾದದ ಮೇಲೆ ಹೀಗೆ, ಹೀಗೆ, ನಡೆಸಿ ತೋರಿಸಿದ್ರು. ನನಗೆ ಜುಮ್ಮಂತು ಕಣಮ್ಮಾ. ನಮ್ಮಮ್ಮ ಹೇಳ್ತಿದ್ದದ್ದೂ ಅದೇ ಅಲ್ವಾ, ಕಾಲಲ್ಲಿ ಇರುವೆ ಹರಿದಾಡ್ದಂಗಾಗತ್ತೆ ಅಂತ? ಬಾಯಿಂದ ಬಂದ್ಬಿಡ್ತು, ‘ಇರುವೆನಾ ಅಮ್ಮಾ? ಎರಡೂ ಕಾಲಲ್ಲೂ ಹರಿಯತ್ತಾ? ನಾಲಿಗೆ ಉರಿಯತ್ತಾ?’ ಅಂತ. ಕನ್ನಡದಲ್ಲಿ! ನಾಲಿಗೆ ಚಾಚಿ ತೋರಿಸಿದೆ. ಅವರೂ ಚಾಚಿದ್ರು. ಕೆಂಪಗೆ, ನುಣ್ಣಗೆ ಇತ್ತು. ರಕ್ತದಲ್ಲಿ ಒಂದು ವಿಟಮಿನ್ ಇಲ್ಲ, ಅದಕ್ಕೇ ನರ ಸೋತಿವೆ. ಹತ್ತು ನಿಮಿಷ ನಾನು ಕನ್ನಡ, ಅವರು ಇಟಾಲಿಯನ್. ಒಂದು ಮಾತೂ ತಪ್ಪಲಿಲ್ಲ.”

“ಪರೀಕ್ಷಕರು?”

“‘ನಿಮಗೆ ಇಟಾಲಿಯನ್ ಬರತ್ತೆ ಅಂತ ಗೊತ್ತಿರ್ಲಿಲ್ಲ’ ಅಂದ್ರು. ನನಗೂ ಗೊತ್ತಿರ್ಲಿಲ್ಲ ಅಂದೆ.”

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಭಾವ ನಗುತ್ತಿರಲಿಲ್ಲ. ಟೈಯ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದರು.

“ಗಂಟೆ ಹೊಡೀತು, ಎದ್ದೆ. ಅಜ್ಜಿ ಕೈ ಬಿಡ್ಲಿಲ್ಲ. ಎರಡೂ ಕೈಲಿ ಹಿಡ್ಕೊಂಡು ಕಣ್ಣಿಗೆ ಒತ್ಕೊಂಡ್ರು. ಏನಂದ್ರು ಗೊತ್ತೇನಮ್ಮಾ? ‘ದೊತ್ತೋರೆ’ ಅಂದ್ರು. ‘ದೊತ್ತೋರೆ, ದೊತ್ತೋರೆ.’ ನಮ್ಮೂರ ತರಕಾರಿಯವಳು ‘ಡಾಕ್ಟ್ರೇ’ ಅಂತ ಕರೀತಿದ್ದ ಹಾಗೇ ಇತ್ತು ಕಣಮ್ಮಾ ರಾಗ...” ಅಷ್ಟು ದೊಡ್ಡ ಮನುಷ್ಯ ನಮ್ಮ ಮೇಜಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

ಪಾಸಾಗಿದೆ ಎಂಬ ಕಾಗದ ಬಂದದ್ದು ಆರು ವಾರದ ಮೇಲೆ. ಅಷ್ಟು ದಿನ ಕಾಯುವ ತಾಳ್ಮೆ ನನಗೆಲ್ಲಿತ್ತು? ಅವತ್ತೇ, ಆಗಲೇ, ತಟ್ಟೆ ತಂದು ಮುಂದಿಟ್ಟು, ಅನ್ನ ಬಡಿಸಿ, ಆ ತನಕ ಭಾವ ಎಂದಲ್ಲದೆ ಬೇರೆ ಕರೆಯದಿದ್ದ ನಾನು ಅಂದೆ:

“ಕೈ ತೊಳ್ಕೊಂಡು ಬನ್ನಿ, ಡಾಕ್ಟ್ರೇ.”