ಮಾವನ ಜೀಪಿನ ತಳ

ವಾಹನಗಳ ವಿಷಯದಲ್ಲಿ ಜನ ಎಂಜಿನ್ನಿಗೆ ಹೆದರುತ್ತಾರೆ. ನಡುದಾರಿಯಲ್ಲಿ ಅದು ನಿಂತುಬಿಟ್ಟರೆ ಗತಿಯೇನು ಎನ್ನುತ್ತಾರೆ. ನನ್ನ ಅನುಭವದಲ್ಲಿ ಎಂಜಿನ್ ಮರ್ಯಾದಸ್ಥ. ಕೆಡುವ ಮುಂಚೆ ಕೆಮ್ಮುತ್ತದೆ, ಹೊಗೆ ಬಿಡುತ್ತದೆ, ಗೊರಗೊರ ಎನ್ನುತ್ತದೆ. ಮೈ ಸರಿಯಿಲ್ಲದ ಹಿರಿಯರಂತೆ ಬೀದಿಗೆಲ್ಲ ತಿಳಿಸಿಯೇ ಮಲಗುತ್ತದೆ. ತುಕ್ಕು ಹಾಗಲ್ಲ. ಅದಕ್ಕೆ ಸದ್ದಿಲ್ಲ. ಮೇಲೆ ಬಣ್ಣವಿರುತ್ತದೆ, ಬಣ್ಣದ ಮೇಲೆ ಅರಿಶಿನ ಕುಂಕುಮವಿರುತ್ತದೆ, ಎರಡರ ಕೆಳಗೆ ಕಬ್ಬಿಣ ಮಾತ್ರ ಇರುವುದಿಲ್ಲ. ಇದನ್ನು ನಾನು ಓದಿ ತಿಳಿದದ್ದಲ್ಲ, ಮೊಣಕಾಲವರೆಗೆ ಇಳಿದು ತಿಳಿದದ್ದು. ಆ ದಿನದಿಂದ ಯಾವ ವಾಹನ ಹತ್ತಿದರೂ ಮೊದಲು ಕಾಲಿನ ಹೆಬ್ಬೆರಳಿನಿಂದ ತಳವನ್ನು ಮೆಲ್ಲಗೆ ಒತ್ತಿ ನೋಡುತ್ತೇನೆ. ಬಸ್ಸಿನಲ್ಲಿ ಹಿಂದೆ ನಿಂತವರು "ಒಳಕ್ ನಡೀರೀ, ಗೃಹಪ್ರವೇಶಕ್ ಬಂದಿದೀರಾ?" ಎಂದು ತಳ್ಳುತ್ತಾರೆ. ಅವರದು ತಪ್ಪಲ್ಲ.

ನಾನು ಮಾಗಡಿಯವನು. ನಮ್ಮ ಊರಿಗೆ ರೈಲಿಲ್ಲ, ಹಾಗಾಗಿ ಬಸ್ಸುಗಳನ್ನೇ ನಂಬಿ ಬೆಳೆದೆ. ಚಿಕ್ಕಂದಿನಲ್ಲಿ ನಾವು ಓಡಾಡುತ್ತಿದ್ದ ಒಂದು ಬಸ್ಸಿನ ತಳದಲ್ಲಿ ಬಟ್ಟಲಿನಷ್ಟು ತೂತಿತ್ತು. ಅದರ ಪಕ್ಕದ ಸೀಟಿಗಾಗಿ ಮಕ್ಕಳೆಲ್ಲ ಜಗಳವಾಡುತ್ತಿದ್ದೆವು, ಏಕೆಂದರೆ ಅಲ್ಲಿ ಕೂತರೆ ರಸ್ತೆ ಹಿಂದಕ್ಕೆ ಓಡುವುದು ಕಾಣುತ್ತಿತ್ತು. ತೂತು ಎಂದರೆ ಆಗ ಒಂದು ಸೌಲಭ್ಯ. ದೊಡ್ಡವನಾದ ಮೇಲೆ, ಬೆಂಗಳೂರು–ಮೈಸೂರು ರಸ್ತೆಯನ್ನು ಅಗಲ ಮಾಡಿ ಅದರ ಅಕ್ಕಪಕ್ಕ ಒಂದೊಂದಾಗಿ ಕಾರ್ಖಾನೆಗಳು ಎದ್ದ ವರ್ಷಗಳಲ್ಲಿ, ಅವುಗಳಲ್ಲೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಲಾರಿ, ಜೀಪುಗಳಿಗೆ ಬೇಕಾದ ತಗಡಿನ ಭಾಗಗಳನ್ನು ಮಾಡಿ, ಬಣ್ಣ ಹೊಡೆದು ಕಳಿಸುವ ಕಂಪನಿ. ಬಣ್ಣ ಹೊಡೆದ ತುಂಡುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಉಪ್ಪುನೀರಿನ ಮಂಜು ಹಾಯಿಸಿ, ತುಕ್ಕು ಎಲ್ಲಿಂದ ಶುರುವಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಅಂದರೆ ತುಕ್ಕು ನನಗೆ ಅನ್ನ ಕೊಡುವ ದೇವರು. ಆ ದೇವರು ನನ್ನ ಕಾಲು ಹಿಡಿದದ್ದು ಅಕ್ಕೂರಿನ ಮಾವನ ಜೀಪಿನಲ್ಲಿ.

ಮಾವ ಬೋರೇಗೌಡರು ರೇಷ್ಮೆ ಬೆಳೆಗಾರರು. ಅವರ ಜೀಪು ಯಾವ ಕಾಲದ್ದು ಎಂದು ಕೇಳಿದರೆ "ನಿಮ್ಮೆಂಡ್ತಿಗಿಂತ ದೊಡ್ದು, ಅವಳಿಗಿಂತ ಮಾತ್ ಕೇಳ್ತದೆ" ಎನ್ನುತ್ತಾರೆ. ಯಾವುದೋ ಸರ್ಕಾರಿ ಇಲಾಖೆಯ ಹರಾಜಿನಲ್ಲಿ ಕೊಂಡದ್ದಂತೆ. ಕೆರೆ ಏರಿ ಹತ್ತುತ್ತದೆ, ಹಳ್ಳ ಇಳಿಯುತ್ತದೆ, ಮಳೆಗಾಲದಲ್ಲಿ ಹಿಪ್ಪುನೇರಳೆ ತೋಟದ ಕೆಸರಿನಲ್ಲಿ ಸೊಪ್ಪು ಹೊತ್ತು ಎಮ್ಮೆಯಂತೆ ನಿಧಾನವಾಗಿ ಎದ್ದು ಬರುತ್ತದೆ. ಒಮ್ಮೆ ಕಾರ್ಖಾನೆಗೆ ಹೊರಟಿದ್ದ ಹೊಸ ಲಾರಿಯೊಂದು ದಾರಿ ತಪ್ಪಿ ಕೆರೆ ಕೆಳಗೆ ಹೂತುಕೊಂಡಿತ್ತು. ಅದರ ಡ್ರೈವರು ಮುಂದಿನ ಫಲಕದಲ್ಲಿ ಮಿನುಗುವ ಕೆಂಪು ದೀಪವನ್ನೇ ನೋಡುತ್ತ, ಕಂಪನಿಯವರು ಬರಬೇಕು ಎಂದು ಕೂತಿದ್ದ. ಮಾವ ಹಗ್ಗ ಕಟ್ಟಿ ಎಳೆದರು. ಲಾರಿ ಬಂತು. ಹಗ್ಗ ಬಿಚ್ಚುತ್ತ ಮಾವ ನನಗೆ ಹೇಳಿದ್ದು ಇಷ್ಟು: "ಎಂಜಿನ್ ಕೇಳಿ ಅಳಿಯಂದ್ರೇ. ಬಸವಣ್ಣ ಮೆಲುಕಾಕ್ದಂಗೈತೆ."

ನಾನು ಕೇಳುತ್ತಿದ್ದದ್ದು ಎಂಜಿನ್ನನ್ನಲ್ಲ. ಎಳೆಯುವಾಗ ಜೀಪಿನ ಅಡಿಯಿಂದ ಕಾಫಿಪುಡಿಯಂತೆ ಏನೋ ಉದುರಿತ್ತು, ಅದನ್ನು ನೋಡುತ್ತಿದ್ದೆ. ತುಕ್ಕು ಎಲ್ಲ ಜೀಪಿಗೂ ಹಿಡಿಯುತ್ತದೆ. ಆದರೆ ಈ ಜೀಪನ್ನು ಹಿಡಿದ ತುಕ್ಕಿಗೆ ಏನೋ ಅವಸರವಿತ್ತು. ಮಾರಿಬಿಡಿ ಮಾವ, ಇಲ್ಲದಿದ್ದರೆ ತಳವನ್ನಾದರೂ ಮಾಡಿಸಿ ಎಂದೆ. ಚನ್ನಪಟ್ಟಣದ ವೆಲ್ಡಿಂಗ್ ಅಂಗಡಿಗೆ ಒಯ್ದೆವು. ಅಂಗಡಿಯಾತ ಕೆಳಗೆ ತೂರಿ ನೋಡಿ, ಎದ್ದು ಕೈ ಒರೆಸಿಕೊಂಡ. "ಗೌಡ್ರೇ, ಕಬ್ಬಿಣಕ್ ಕಬ್ಬಿಣ ಅಂಟಿಸ್ಬೋದು. ತುಕ್ಕಿಗೆ ಹೆಂಗ್ ಅಂಟಿಸ್ಲಿ?" ಮಾವ ಬೇಜಾರು ಮಾಡಿಕೊಳ್ಳಲಿಲ್ಲ. ಊರಿಗೆ ಬಂದು ತಳದ ಮೇಲೆ ದಪ್ಪ ಗೋಣಿಚೀಲ ಹಾಸಿ, ಅದರ ಮೇಲೆ ರಬ್ಬರ್ ಮ್ಯಾಟ್ ಹಾಸಿ, "ಈಗೆಂಗೈತೆ?" ಎಂದರು. ನೋಡಲು ಚೆನ್ನಾಗಿಯೇ ಇತ್ತು.

ಆ ದಿನದ ಸಂಗತಿಯನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಮಾವನ ಬೆಳೆ ಆ ಸಲ ತುಂಬ ಚೆನ್ನಾಗಿ ಬಂದಿತ್ತು. ಸುತ್ತಮುತ್ತ ಅನೇಕರ ಹುಳುಗಳಿಗೆ ಹಾಲುರೋಗ ತಗುಲಿ ತಟ್ಟೆಗಟ್ಟಲೆ ತಿಪ್ಪೆಗೆ ಹೋಗಿದ್ದರೆ, ಇವರ ಮನೆಯಲ್ಲಿ ಒಂದೂ ಕೆಟ್ಟಿರಲಿಲ್ಲ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳೆಲ್ಲ ತುಂಬಿದ್ದವು. ಅದನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸಬೇಕು. ಜಡಿಮಳೆ ಹಿಡಿದು ಗೂಡು ಬಿಡಿಸುವುದೇ ತಡವಾಗಿತ್ತು. ಇನ್ನೂ ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದುಕೊಂಡು ಹೊರಬರುತ್ತದೆ, ತೂತಾದ ಗೂಡಿನಿಂದ ನೂಲು ತೆಗೆಯಲಾಗದು, ಇಡೀ ಬೆಳೆ ಕೈಬಿಟ್ಟ ಹಾಗೆ. ಯಾವಾಗಲೂ ಬಾಡಿಗೆಗೆ ಸಿಗುತ್ತಿದ್ದ ಊರಿನ ಟೆಂಪೋ ಆಗ ಕಾರ್ಖಾನೆಯೊಂದಕ್ಕೆ ಕೆಲಸಗಾರರನ್ನು ಸಾಗಿಸುವ ಗುತ್ತಿಗೆಗೆ ಹೋಗಿತ್ತು. ಯಾವ ಕಾರ್ಖಾನೆ ಎಂದು ನಾನು ಕೇಳಲಿಲ್ಲ. ದಿನಾ ಚನ್ನಪಟ್ಟಣದಲ್ಲಿ ಅದನ್ನೇ ಹತ್ತಿ ಕೆಲಸಕ್ಕೆ ಹೋಗುತ್ತಿದ್ದವನು ನಾನೇ. ಆ ದಿನ ನನಗೆ ರಜೆ, ಟೆಂಪೋಗೆ ರಜೆಯಿಲ್ಲ. ಹೀಗಾಗಿ ಜೀಪೇ ಗತಿ.

ಹಿಂದೆ ಗೂಡಿನ ಚೀಲಗಳ ನಡುವೆ ಅತ್ತೆ ಜಯಮ್ಮ, ಮುಂದೆ ಮಾವ, ಅವರ ಪಕ್ಕ ನಾನು. ಮಾವ ಎಂದೂ ಜೋರಾಗಿ ಓಡಿಸುವವರಲ್ಲ. ಆ ದಿನ ಹರಾಜಿಗೆ ತಡವಾಗಬಾರದೆಂದು ಓಡಿಸಿದರು. ಚನ್ನಪಟ್ಟಣ ದಾಟಿದ ಮೇಲೆ ಮುಂದೆ ಹೋಗುತ್ತಿದ್ದ, ಕನಕಪುರದ ಕಡೆಯ ಕಲ್ಲು ಹೇರಿದ ಲಾರಿಯೊಂದು ತಟಕ್ಕನೆ ನಿಧಾನವಾಯಿತು. ಮಾವ ಬ್ರೇಕ್ ತುಳಿದರು. ನಾನೂ ತುಳಿದೆ. ಪಕ್ಕದಲ್ಲಿ ಕೂತವನ ಕಡೆ ಬ್ರೇಕ್ ಇರುವುದಿಲ್ಲ ಎಂಬುದು ನನಗೆ ಗೊತ್ತು, ನನ್ನ ಕಾಲಿಗೆ ಗೊತ್ತಿಲ್ಲ. ಮೊದಲು ಮ್ಯಾಟು ಬಾಗಿತು. ಆಮೇಲೆ ಗೋಣಿಚೀಲ ಚರ್ರೆಂದಿತು. ತಗಡು ಸದ್ದನ್ನೇ ಮಾಡಲಿಲ್ಲ. ನೆನೆಸಿಟ್ಟ ಹಪ್ಪಳದಂತೆ ದಾರಿ ಬಿಟ್ಟಿತು. ಬಲಗಾಲು ಮೊಣಕಾಲವರೆಗೆ ಇಳಿದು, ಬೂಟು ರಸ್ತೆಗೆ ತಾಗಿತು. ಕಂಪನಿಯವರು ಕೊಟ್ಟ, ತುದಿಯಲ್ಲಿ ಉಕ್ಕು ಇರುವ ಬೂಟು ಅದು. ಇಲ್ಲದಿದ್ದರೆ ಈ ಪ್ರಬಂಧವನ್ನು ಬೇರೆ ಧಾಟಿಯಲ್ಲಿ ಬರೆಯಬೇಕಾಗುತ್ತಿತ್ತು. ಜೀಪು ಓಡುತ್ತಿತ್ತು, ಅದರೊಳಗೆ ಕೂತೇ ನನ್ನ ಒಂದು ಕಾಲು ಪ್ರತ್ಯೇಕವಾಗಿ ರಾಮನಗರದ ಕಡೆ ಓಡುತ್ತಿತ್ತು.

"ಮಾವ! ಕಾಲು! ನನ್ನ ಕಾಲು!" ಎಂದು ಕೂಗಿದೆ.

ಮಾವ ಒಮ್ಮೆ ಬಗ್ಗಿ ನೋಡಿ ಮತ್ತೆ ರಸ್ತೆ ನೋಡಿದರು. "ಮೇಲೆತ್ಕಳಿ ಅಳಿಯಂದ್ರೇ. ಅದ್ಯಾಕ್ ಅಲ್ ಬುಟ್ಟಿದೀರಿ?"

ಹಿಂದಿನಿಂದ ಅತ್ತೆಯ ದನಿ ಬಂತು: "ಏನದು ಸದ್ದು? ಚೀಲ ಏನಾರ ಬಿತ್ತಾ?"

"ಚೀಲ ಬಿದ್ದಿಲ್ಲ ಕಣಮ್ಮೀ, ಅಳಿಯಂದ್ರು ಒಸಿ ಇಳ್ದವ್ರೆ."

"ಅಯ್ಯೋ ಸಿವನೆ! ಗೂಡ್ ಅಪ್ಪಚ್ಚಿ ಆಗ್ನಿಲ್ವಾ?"

ಕಾಲನ್ನು ಎಳೆದುಕೊಂಡೆ. ಪ್ಯಾಂಟಿನ ಅರ್ಧ ಅಲ್ಲೇ ಉಳಿಯಿತು, ಚರ್ಮ ತರಚಿತ್ತು, ಮೂಳೆ ನೆಟ್ಟಗಿತ್ತು. ಮಾವ ಆಗ ಜೀಪು ನಿಲ್ಲಿಸಿ, ಕಾಲನ್ನು ಒತ್ತಿ ನೋಡಿ, ತಮ್ಮ ಹೆಗಲ ಮೇಲಿನ ಟವೆಲ್ಲನ್ನು ಬಿಗಿಯಾಗಿ ಕಟ್ಟಿದರು. "ಆಸ್ಪತ್ರೆಗ್ ಹೋಗ್ಬುಡಾನ, ಗೂಡ್ ಹೋದ್ರೆ ಹೋಯ್ತದೆ" ಎಂದರು. ಆ ಮಾತು ಹೇಳುವಾಗ ಅವರು ಹಿಂದೆ ತಿರುಗಿ ಚೀಲಗಳನ್ನು ನೋಡಲಿಲ್ಲ; ನೋಡಿದ್ದರೆ ಹೇಳಲಾಗುತ್ತಿರಲಿಲ್ಲವೇನೋ. ನಾನು ಮಾರುಕಟ್ಟೆಗೇ ನಡೆಯಿರಿ ಎಂದೆ. ಧೈರ್ಯದಿಂದಲ್ಲ, ಇಂಜೆಕ್ಷನ್ ಎಂದರೆ ನನಗೆ ಭಯ.

ಅಷ್ಟರಲ್ಲಿ ಹಿಂದಿನ ತಳವೂ ಒಂದು ಕಡೆ ಜೋತು ಬೀಳತೊಡಗಿತ್ತು. ಅತ್ತೆ ತಾವು ಚಕ್ರದ ಮೇಲಿನ ದಿಂಡಿನ ಮೇಲೆ ಕೂತು, ಜೋತ ಕಡೆಯ ಚೀಲವನ್ನು ಎತ್ತಿ ನನ್ನ ಮಡಿಲಿಗೆ ಕೊಟ್ಟರು. "ಮಗೀನಂಗೆ ಇಡ್ಕಳಿ, ಅಮುಕ್ಬೇಡಿ." ಎರಡೂ ಕಾಲುಗಳನ್ನು ಎತ್ತಿ ಎದುರಿನ ಕಂಬಿಗೆ ಆನಿಸಿ, ಗೂಡಿನ ಚೀಲವನ್ನು ತಬ್ಬಿಕೊಂಡು, ಕಾಲ ಕೆಳಗೆ ಹೆದ್ದಾರಿ ಹರಿಯುವುದನ್ನು ನೋಡುತ್ತ ರಾಮನಗರ ಸೇರಿದೆ. ಆ ತೂತಿನ ಪಕ್ಕದ ಸೀಟಿಗೆ ಈ ಸಲ ಯಾರೂ ಜಗಳಕ್ಕೆ ಬರಲಿಲ್ಲ. ಎಂಜಿನ್ ಮಾತ್ರ, ನಿಜವನ್ನೇ ಹೇಳಬೇಕು, ಆರಂಭದಿಂದ ಕೊನೆವರೆಗೆ ಒಂದು ತಾಳ ತಪ್ಪಲಿಲ್ಲ. ತನ್ನ ಕೆಳಗೆ ಜೀಪು ಇದೆಯೋ ಇಲ್ಲವೋ ಎಂಬುದನ್ನೂ ವಿಚಾರಿಸದೆ ಅದು ಕರ್ತವ್ಯ ಮಾಡಿತು.

ಹರಾಜು ಮುಗಿಯುವ ಮುಂಚೆ ತಲುಪಿದೆವು. ನೂಲು ತೆಗೆಯುವ ರೀಲರ್ ಒಬ್ಬರು ಗೂಡೊಂದನ್ನು ಕಿವಿಯ ಬಳಿ ಅಲ್ಲಾಡಿಸಿ, ಇನ್ನೊಂದನ್ನು ಬೆರಳಿನಲ್ಲಿ ಒತ್ತಿ, "ಏನ್ ಗೌಡ್ರೇ, ನಿಮ್ ಹುಳಕ್ಕೆ ಕಾಯ್ಲೇನೇ ಗೊತ್ತಿಲ್ವಾ?" ಎಂದರು. ಹರಾಜಿನಲ್ಲಿ ಅವತ್ತು ಎಲ್ಲಕ್ಕಿಂತ ಮೇಲಿನ ಬೆಲೆ ಕೂಗಿದ್ದು ಆ ಗೂಡಿಗೇ. ಮಾವ ಹೆಮ್ಮೆಯನ್ನು ಮುಚ್ಚಿಕೊಳ್ಳಲು ನನ್ನ ಕಾಲಿನ ಟವೆಲ್ ಸರಿಮಾಡಿದರು.

ತುಕ್ಕಿನ ಅವಸರಕ್ಕೆ ಕಾರಣ ಗೊತ್ತಾದದ್ದು ಊರಿಗೆ ಮರಳಿದ ಮೇಲೆ. ಜೀಪು ಗೇಟಿನ ಹತ್ತಿರ ನಿಂತಿತು, ಒಳಗೆ ಬರಲಿಲ್ಲ. ಅತ್ತೆ ಡ್ರಮ್ಮಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿದರು. ಮಾವ ಬೆನ್ನಿಗೆ ಔಷಧಿ ಹೊಡೆಯುವ ಪಂಪು ಹಾಕಿಕೊಂಡು, ಜೀಪಿನ ಚಕ್ರ, ತಳ, ಸಂದಿಗೊಂದಿಗೆಲ್ಲ ಆ ನೀರು ಬಿಟ್ಟರು. ಹುಳು ಸಾಕುವವರು ಹುಳುವಿನ ಮನೆಯನ್ನು ಹೀಗೆ ತೊಳೆಯುತ್ತಾರೆಂದು ಗೊತ್ತಿತ್ತು. ಜೀಪನ್ನು ತೊಳೆಯುವುದನ್ನು ಮೊದಲ ಸಲ ಕಂಡೆ.

"ಯಾವಾಗಿಂದ ಹೀಗೆ ಮಾವ?"

"ಜೀಪ್ ತಂದಾಗಿಂದ್ಲೂ. ಮಾರ್ಕೆಟ್ಟಿಗೆ ಊರೂರಿನ ಹುಳದ ರೋಗ ಬತ್ತದೆ. ಚಕ್ರಕ್ ಅಂಟ್ಕಂಡ್ ಮನೆಗ್ ಬಂದ್ರೆ?"

ನಮ್ಮ ಕಂಪನಿಯ ಪೆಟ್ಟಿಗೆಯಲ್ಲಿರುವುದು ಬರೀ ಉಪ್ಪುನೀರು. ಇದು ಅದರ ಅಜ್ಜ. ಜೀಪನ್ನು ತಿಂದದ್ದು ಮಳೆಯೂ ಅಲ್ಲ, ಕೆಸರೂ ಅಲ್ಲ, ಮಾವನ ಶುಚಿತ್ವ ಎಂದು ವಿವರಿಸಿದೆ. ಕಡೇ ಪಕ್ಷ ಆಮೇಲೆ ಒಳ್ಳೆಯ ನೀರಿನಲ್ಲಿ ತೊಳೆಯಿರಿ ಎಂದೆ.

"ತೊಳುದ್ರೆ ಔಷ್ದಿ ಎಲ್ ನಿಲ್ತದೆ?" ಎಂದರು ಅತ್ತೆ. "ಮಾತ್ರೆ ನುಂಗಿ ಉಗುಳ್ದಂಗೆ."

ಮಾವ ಪಂಪನ್ನು ನಿಲ್ಲಿಸಿ ಜೀಪಿನ ಮುಂದಕ್ಕೆ ಬಂದರು. ಅದರ ಮೂತಿಯ ಮೇಲೆ ಕೈಯಿಟ್ಟರು. "ಹಂಗಾರೆ ನಾನೇ ತಿನ್ಸಿದ್ದು ಅನ್ನಿ" ಎಂದರು. ಆಮೇಲೆ "ಇರ್ಲಿ. ಹುಳಕ್ ಬರೋದ್ನ ಇದು ತಕಂಡೈತೆ" ಎಂದು ಪಂಪನ್ನು ಮತ್ತೆ ಒತ್ತತೊಡಗಿದರು. ಮುಂದಿನ ವಾರ ತಳಕ್ಕೆ ಹಲಸಿನ ಹಲಗೆ ಹಾಕಿಸಿದರು. ಹಲಗೆಗೆ ತುಕ್ಕು ಹಿಡಿಯುವುದಿಲ್ಲ ಎಂಬುದನ್ನು ನನಗೆ ಎರಡು ಸಲ ಹೇಳಿದರು. ಆ ಜೀಪು ಈಗಲೂ ಓಡುತ್ತದೆ. ಹತ್ತುವಾಗ ಮಾತ್ರ ಮನೆಯ ಅಟ್ಟ ಹತ್ತಿದ ಹಾಗಾಗುತ್ತದೆ.

ಆಮೇಲಿನ ಬೆಳೆಯ ಹೊತ್ತಿಗೆ ನಾನು ಒಂದು ಹೊಸ ಮೋಟಾರ್‌ಬೈಕ್ ತೆಗೆದುಕೊಂಡೆ. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಒಂದು ಭಾನುವಾರ ರಾಮನಗರದಲ್ಲಿ ಗೂಡಿನ ರೇಟು ವಿಚಾರಿಸಿಕೊಂಡು ಅಕ್ಕೂರಿಗೆ ಹೋದೆ. ಗೇಟಿನಲ್ಲಿ ಮಾವ ಪಂಪು ಹೊತ್ತು ನಿಂತಿದ್ದರು.

"ಮಾರ್ಕೆಟ್ ಒಳಕ್ ಹೋಗಿದ್ರಾ?"

"ಹೋಗಿದ್ದೆ ಮಾವ."

ಅವರು ಬೈಕನ್ನು ನೋಡಿದರು, ನನ್ನನ್ನು ನೋಡಿದರು. "ಹೊಸ ಗಾಡಿ. ನೀವೇ ಅಂದಿದ್ರಿ, ತಿಂದಾಕ್ತದೆ ಅಂತ. ಇವತ್ತೊಂದಿನ ಬರೀ ನೀರಾಕ್ ಬುಡಾನ. ಏನಾಗಲ್ಲ ಬುಡಿ."

ಏನಾಗಲ್ಲ ಎನ್ನುವಾಗ ಅವರ ಕಣ್ಣು ಹುಳುವಿನ ಮನೆಯ ಕಡೆ ಹೋಯಿತು. ಹುಳುಗಳು ಕೊನೆಯ ಜ್ವರ ಎದ್ದಿದ್ದವು. ಅಂದರೆ ಕಡೆಯ ಸಲ ಪೊರೆ ಕಳಚಿ ಹಸಿದಿದ್ದವು. ಸೊಪ್ಪು ಮೇಯುವ ಸದ್ದು ಗೇಟಿನವರೆಗೂ ಸಣ್ಣ ಮಳೆಯಂತೆ ಕೇಳುತ್ತಿತ್ತು. ಅಳಿಯನ ಮರ್ಯಾದೆಗಾಗಿ ಆ ಮನುಷ್ಯ ಅಷ್ಟನ್ನೂ ಪಣಕ್ಕಿಡಲು ಸಿದ್ಧರಾಗಿದ್ದರು.

ಪಂಪನ್ನು ಅವರ ಬೆನ್ನಿನಿಂದ ಇಳಿಸಿ ನಾನೇ ಹಾಕಿಕೊಂಡೆ. ತುಕ್ಕು ಮೊದಲು ಎಲ್ಲಿ ಹಿಡಿಯುತ್ತದೆ ಎಂಬುದು ನನ್ನ ವೃತ್ತಿಯ ವಿದ್ಯೆ. ಮಡ್‌ಗಾರ್ಡಿನ ಒಳಮಡಿಕೆ, ಚೈನ್ ಕವರಿನ ಅಂಚು, ಸೈಲೆನ್ಸರಿನ ಹೊಲಿಗೆ; ಒಂದನ್ನೂ ಬಿಡದೆ ಬ್ಲೀಚಿಂಗ್ ನೀರು ಹೊಡೆದೆ. ನನ್ನ ಸಾಲದ ಕಂತು ಇನ್ನೂ ಶುರುವಾಗಿರಲಿಲ್ಲ, ಗಾಡಿಯ ತುಕ್ಕು ಶುರುವಾಯಿತು. ಮುಗಿಯಿತೆಂದು ಪಂಪು ಇಳಿಸುವಷ್ಟರಲ್ಲಿ, ಬಾಗಿಲಲ್ಲಿ ನಿಂತು ಇಷ್ಟನ್ನೂ ಗಮನಿಸುತ್ತಿದ್ದ ಅತ್ತೆ, ತಪಾಸಣೆಯ ವಿಭಾಗದ ನನಗೆ ಹೇಳಿದರು:

"ನಂಬರ್ ಪ್ಲೇಟ್ ಹಿಂದ್ಕೆ ಬುಟ್ಬುಟ್ರಿ ನೋಡಿ."

ಹೌದು, ಬಿಟ್ಟಿದ್ದೆ. ಅಲ್ಲಿಗೂ ಹೊಡೆದೆ.