ಆಡಿದರೆ ಸವೆಯುವ ಚೆಂಡುಗಳು

"ಕಪಾಟಿನ ಮ್ಯಾಲಿನ ಹೆಸರು ಓದಾಕ ಬರೂದಿಲ್ಲ, ಇಕಿ ಕೈಯಾಗ ಕೀಲಿ ಕೊಟ್ಟರ ಮುಗೀತು. ಇಕಿ ಕಡೆ ಆಗೂದಲ್ಲ ತಗೀರಿ."

ನನ್ನ ಬಗ್ಗೆ ಹೀಗೆ ಹೇಳಿದವರು ಸ್ಟೋರ್ ಸಾಹೇಬರು. ಪುಣೆಯ ಒಂದು ವಿದ್ಯಾಪೀಠದ ಜಿಮಖಾನಾದಲ್ಲಿ ಆಟದ ಸಾಮಾನೆಲ್ಲ ಅವರ ವಶದಲ್ಲಿತ್ತು. ವಿಜಾಪುರದ ಕಡೆಯವರು, ಊರಿಗೆಲ್ಲ ಮರಾಠಿ, ನನ್ನನ್ನು ಬೈಯಲು ಮಾತ್ರ ಕನ್ನಡ. ಎಪ್ಪತ್ತರ ದಶಕದ ಮಾತು. ಆ ಜಿಮಖಾನಾ ಕಟ್ಟುವಾಗ ನಾನೇ ಇಟ್ಟಿಗೆ ಹೊತ್ತಿದ್ದೆ. ಕಟ್ಟಡ ಮುಗಿದ ಮೇಲೆ ಅಲ್ಲೇ, ಹುಡುಗಿಯರ ವಿಭಾಗದಲ್ಲಿ, ಕೆಲಸದ ಹೆಂಗಸಾಗಿ, ಅಲ್ಲಿಯವರು ಕರೆಯುವ 'ಬಾಯಿ'ಯಾಗಿ, ಸೇರಿದೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಸಾಹೇಬರ ಮಾತು ಕಿವಿಗೆ ಬಿದ್ದ ದಿನವೇ ಭೇಳಪುರಿ ಕಟ್ಟಿಕೊಟ್ಟ ಪೇಪರು ಬಿಡಿಸಿಕೊಂಡು ಅಕ್ಷರ ಕೂಡಿಸಲು ಕೂತೆ. ಮೊದಲು ಮರಾಠಿ ಬಂತು, ಆಮೇಲೆ ಕನ್ನಡ. ಓದು ಬಂದರೂ ಕೀಲಿ ಮಾತ್ರ ಬರಲಿಲ್ಲ.

ಆ ಕೀಲಿ ನನಗೆ ಬೇಕೇ ಬೇಕಿತ್ತು. ದಿನಾ ಸಂಜೆ ಒಂದು ತಾಸು ಮೈದಾನ ಹುಡುಗಿಯರದು. ಅವರು ಬರುವುದು ನಿಂತರೆ ಆ ತಾಸು ಹುಡುಗರ ಕ್ರಿಕೆಟ್ಟಿಗೆ ಹೋಗುತ್ತಿತ್ತು, ಅದರ ಹಿಂದೆಯೇ ನನ್ನ ನೌಕರಿ. ಅವರು ಬರಬೇಕೆಂದರೆ ಕೈಗೆ ಆಡಲು ಏನಾದರೂ ಕೊಡಬೇಕಲ್ಲ! ಬೀಗ ಹಾಕಿದ ಕಪಾಟಿನ ಮುಂದೆ ಆಡಲೇಬೇಕೆಂಬ ಹುಡುಗಿಯರು ನಿಂತರೆ, ಅಲ್ಲಿ ದಿನಕ್ಕೊಂದು ತಮಾಷೆ ಆಗದೇ ಇರುತ್ತದೆಯೇ?

ಕೆಂಪು ರಾಣಿ

ಸಾಹೇಬರ ಕಾಯಿದೆ ಒಂದೇ: ಕೊಟ್ಟರೆ ಸವೆಯುತ್ತದೆ. ಗಾಜಿನ ಕಪಾಟಿನಲ್ಲಿ ಚೆಂಡು, ರಾಕೆಟ್ಟು, ಶಟಲ್ಲು ಎಲ್ಲ ನುಸಿ ಹಿಡಿಯದಂತೆ ಇಟ್ಟ ಡಾಂಬರ ಗುಳಿಗೆಯ ವಾಸನೆಯಲ್ಲಿ ಮದುವೆ ಸೀರೆಯ ಹಾಗೆ ಮಲಗಿದ್ದವು.

ಒಂದು ದಿನ ನಾಲ್ವರು ಹುಡುಗಿಯರು ಸೈಕಲ್ ನಿಲ್ಲಿಸಿ ಬಂದು ಕೇರಂ ಕೇಳಿದರು. ಸಾಹೇಬರು ಅವತ್ತು ಧಾರಾಳವಾಗಿದ್ದರು, ಬೋರ್ಡು ಕೊಟ್ಟರು. ಕಾಯಿ ಕೊಡಲಿಲ್ಲ. ಅವು ಹೊಸವಂತೆ.

ನನ್ನ ಹೊಲಿಗೆ ಡಬ್ಬಿಯಿಂದ ಕರಿಗುಂಡಿ, ಬಿಳಿಗುಂಡಿ ಹೊರಬಂದವು. ರಾಣಿಗೆ ಕೆಂಪು ಗುಂಡಿ ಇರಲಿಲ್ಲ. ಸಾಹೇಬರ ಸ್ವೆಟರು ಕುರ್ಚಿಯ ಮೇಲಿತ್ತು, ಅದರ ಗುಂಡಿಗಳು ಕೆಂಪು. ಒಬ್ಬ ಹುಡುಗಿ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ.

ಸಂಜೆ ಚಳಿ ಬಿತ್ತು. ಸಾಹೇಬರು ಸ್ವೆಟರು ಹಾಕಿಕೊಂಡು, ಹೊಟ್ಟೆಯ ಹತ್ತಿರ ತೆರೆದ ಜಾಗ ಕೈಯಲ್ಲಿ ಹಿಡಿದುಕೊಂಡು, ನೆಲವೆಲ್ಲ ಹುಡುಕುತ್ತ ಬೋರ್ಡಿನ ಹತ್ತಿರ ಬಂದರು. ಬಂದವರು ಆಟ ನೋಡುತ್ತ ಹುಡುಕುವುದನ್ನೇ ಮರೆತರು. "ರಾಣಿ ಬಿಟ್ಟು ಏನ್ ಆಡ್ತೀರಿ? ಮೊದಲ ರಾಣಿ ಹೊಡೀರಿ!" ಹುಡುಗಿ ಹೊಡೆದಳು. ರಾಣಿ ತೂತಿಗೆ ಬಿತ್ತು. ಸಾಹೇಬರು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು, ಸ್ವೆಟರು ತೆರೆದುಕೊಂಡಿತು.

"ಬಾಯಿ, ನನ್ನ ಗುಂಡಿ ಎಲ್ಲ್ಯರ ಕಂಡ್ತೇನ?"

"ಈಗರ ನೀವ ಹೊಡಸಿದ್ರಲ್ಲರಿ, ಸಾಹೇಬ್ರ."

ಬಾರಾಮತಿಯ ಉಪಚಾರ

ನಮ್ಮ ಖೋಖೋ ತಂಡ ಪಂದ್ಯಕ್ಕೆಂದು ಬಾರಾಮತಿಗೆ ಹೋಗಬೇಕಾಯಿತು. ಜೊತೆಗೊಬ್ಬ ಹಿರಿಯ ಹೆಂಗಸು ಇಲ್ಲದೆ ಹುಡುಗಿಯರನ್ನು ಮನೆಯವರು ಕಳಿಸುತ್ತಿರಲಿಲ್ಲ. ಬೇರೆ ಯಾರೂ ಸಿಗದೆ ನನ್ನನ್ನು ಕಳಿಸಿದರು. "ಇಕಿ ಕಡೆ ಆಗೂದಲ್ಲ," ಎಂದು ಸಾಹೇಬರು ಎಸ್.ಟಿ. ಬಸ್ಸಿನ ಕಿಟಕಿಗೇ ಬಂದು ಹೇಳಿ ಹೋದರು.

ಅಲ್ಲಿ ಎಲ್ಲಿ ನೋಡಿದರೂ ಕಬ್ಬು. ಎದುರಾಳಿ ಕಾಲೇಜಿನ ಮಾವಶಿ, ಅಂದರೆ ನನ್ನಂಥದೇ ಕೆಲಸದವಳು, ಆಟಕ್ಕೆ ಮೊದಲೇ ನಗುನಗುತ್ತ ನಮ್ಮ ಹುಡುಗಿಯರಿಗೆ ಕಬ್ಬಿನ ಹಾಲು ಹೊಯ್ದಳು. ಗ್ಲಾಸು ಖಾಲಿಯಾಗುವ ಮೊದಲೇ ಮತ್ತೆ ಹೊಯ್ದಳು. ಬೇಡ ಅಂದರೆ ಮುಖ ಬಾಡಿಸುತ್ತಿದ್ದಳು.

ಖೋಖೋದಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಬೆನ್ನಿಗೆ 'ಖೋ' ಬಿದ್ದೊಡನೆ ಚಿಗರಿಯಂತೆ ಜಿಗಿಯಬೇಕು. ನಮ್ಮವರು ಮೊಣಕಾಲಿಗೆ ಕೈಯೂರಿ, ತೇಗಿ, ಆಮೇಲೆ ಏಳುತ್ತಿದ್ದರು.

ವಿರಾಮದಲ್ಲಿ ನಾನೇ ಮಾವಶಿಯ ಹತ್ತಿರ ಹೋದೆ. "ಅಕ್ಕಾ, ನಮ್ಮವರಷ್ಟೇ ಕುಡಿದು ನಿಮ್ಮ ಮಕ್ಕಳು ಬಾಯಿ ನೋಡ್ತಾ ಕೂತರೆ ನನಗೆ ಪಾಪ ಬರ್ತದೆ. ಅವರಿಗೆ ನಾನೇ ಹೊಯ್ತೀನಿ," ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿ ತಂಬಿಗೆ ಕಸಿದುಕೊಂಡೆ. ಅತಿಥಿಯ ಕೈ ತಡೆಯುವುದು ಹೇಗೆ? ಅವಳ ಹುಡುಗಿಯರೂ ಗಟಗಟ ಕುಡಿದರು.

ವಿರಾಮದ ನಂತರ ಎರಡೂ ಕಡೆಯವರು ನಡೆದುಕೊಂಡೇ ಆಡಿದರು. "ಇದು ಖೋಖೋನೋ, ಬಾಣಂತಿಯರ ಮೆರವಣಿಗೆಯೋ?" ಎಂದು ತೀರ್ಪುಗಾರರು ಸೀಟಿ ಕೆಳಗಿಟ್ಟರು. ನಮ್ಮವರು ಕುಡಿದದ್ದು ಕೊನೆಯ ಹೊತ್ತಿಗೆ ಕರಗಿತ್ತು, ಹಾಗಾಗಿ ಗೆದ್ದೆವು.

ಗೆದ್ದ ಕಪ್ ತಂದು ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಒರೆಸಿದರು, ತಿರುಗಿಸಿ ನೋಡಿದರು, ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಹುಡುಗ್ಯಾರಿಗೆ ಹೇಳು, ಕೈ ಹಚ್ಚಬ್ಯಾಡ್ರಿ ಅಂತ. ಸವೀಲಾರದ ಸಾಮಾನು ಇದೊಂದ ನೋಡು."

ತಪಾಸಣೆ

ಎಂಬತ್ತನೇ ಇಸವಿಯ ಆಚೆಗೆ ಒಂದು ಬೆಳಿಗ್ಗೆ ಸುದ್ದಿ ಬಂತು: ಹುಡುಗಿಯರು ನಿಜವಾಗಿ ಆಡುತ್ತಾರೋ ಇಲ್ಲವೋ ನೋಡಲು ಮಧ್ಯಾಹ್ನ ಒಬ್ಬ ದೊಡ್ಡ ಮೇಡಂ ಬರುತ್ತಾರೆ. ಆಡುತ್ತಿಲ್ಲ ಎಂದು ಕಂಡರೆ ನಮ್ಮ ತಾಸು ರದ್ದು. ಕ್ರಿಕೆಟ್ಟಿನ ಕ್ಯಾಪ್ಟನ್ ಆಗಲೇ ನಮ್ಮ ಭಾಗದಲ್ಲಿ ನಿಂತು ಬ್ಯಾಟು ಬೀಸಿ ನೋಡುತ್ತಿದ್ದ.

ನಾನು ಸ್ಟೋರಿಗೆ ಓಡಿದೆ. ಸಾಹೇಬರು ನೆಲದ ಮೇಲೆ ಕೂತು ಹೊಚ್ಚ ಹೊಸ ವಾಲಿಬಾಲನ್ನು ಹೊಸ್ತಿಲಿಗೆ ತಿಕ್ಕುತ್ತಿದ್ದರು. ಪಕ್ಕದಲ್ಲಿ ಶಟಲ್ಲುಗಳು ತಟ್ಟೆಯಲ್ಲಿ ಹೊಯ್ದ ಚಹಾದಲ್ಲಿ ನೆನೆಯುತ್ತಿದ್ದವು.

"ಬಾಯಿ, ಇವೆಲ್ಲಾ ಹಳೇವು ಕಾಣಬೇಕು. ಲಗೂನ ಕೈ ಹಚ್ಚು!"

"ಸಾಹೇಬ್ರ, ಇದು ನಿಮ್ಮೊಬ್ಬರ ಕಡೆ ಆಗೂದಲ್ಲ ಬಿಡ್ರಿ," ಅಂದೆ. "ಕೀಲಿ ಕೊಡ್ರಿ. ಹುಡುಗ್ಯಾರು ಮಾಡ್ತಾರ."

ಅಷ್ಟು ವರ್ಷ ಕಾದಿದ್ದ ಕೀಲಿ ಬೆವರಿನಿಂದ ಒದ್ದೆಯಾಗಿ ನನ್ನ ಕೈಗೆ ಬಂತು.

ಹುಡುಗಿಯರು ಸೈಕಲ್ ಪಂಪಿನಿಂದ ವಾಲಿಬಾಲಿಗೆ ಹವಾ ತುಂಬಿದರು. ವರ್ಷಗಟ್ಟಲೆ ಗಾಜಿನಾಚೆ ನೋಡಿದ ಆಸೆಯೂ ಅದರೊಳಗೆ ಹೋಯಿತೋ ಏನೋ, ಚೆಂಡು ಕಲ್ಲಾಯಿತು. ಆಟ ಜೋರು ಹಿಡಿಯಿತು. ಸಾಹೇಬರು ರೂಢಿಯಂತೆ ಗೆರೆಯುದ್ದಕ್ಕೂ ಓಡುತ್ತ ಮರಾಠಿಯಲ್ಲಿ ಕೂಗತೊಡಗಿದರು: "ಸಾವಕಾಶ! ಸಾವಕಾಶ! ಹೊಸ ಚೆಂಡು ಅದು!"

"ಹೊಸದಾ?" ಹಿಂದಿನಿಂದ ಮೇಡಂ ಕೇಳಿದರು. "ದಿನಾ ಆಡ್ತಾರೆ ಅಂದಿರಲ್ಲ?"

ಹೋಯಿತು ನಮ್ಮ ತಾಸು ಅಂದುಕೊಂಡು, ಏನಾದರೂ ಹೇಳಿ ಸಂಭಾಳಿಸೋಣ ಎಂದು ನಾನು ಮೈದಾನಕ್ಕೆ ಅಡ್ಡ ಓಡಿದೆ. ಧಪ್! ಚೆಂಡು ನೇರ ನನ್ನ ಮುಖಕ್ಕೆ ಬಂತು. ನಾನು ಕೂತೆ. ನನ್ನ ಮುಂದಿನ ಹಲ್ಲೊಂದು ಹುಲ್ಲಿನ ಮೇಲೆ ಕೂತಿತು.

ಮೇಡಂ ಹಲ್ಲು ನೋಡಿದರು, ಚೆಂಡು ನೋಡಿದರು, ಹೊಡೆದ ಬಡಕಲು ಹುಡುಗಿಯನ್ನು ನೋಡಿದರು. "ದಿನಾ ಆಡದವರ ಕೈಗೆ ಇಂಥ ಹೊಡೆತ ಬರೋದಿಲ್ಲ," ಎಂದು ತೀರ್ಪು ಕೊಟ್ಟು ಚಹಾಕ್ಕೆ ಹೋದರು. ಆ ಹುಡುಗಿ ವಾಲಿಬಾಲ್ ಮುಟ್ಟಿದ್ದು ಅವತ್ತೇ ಮೊದಲು.

ತಾಸು ಉಳಿಯಿತು. ಸಾಹೇಬರು ಹಲ್ಲನ್ನು ಹೆಕ್ಕಿ, ಕಾಗದದಲ್ಲಿ ಸುತ್ತಿ, ತಮ್ಮ ಮೇಜಿನ ಖಾನೆಯಲ್ಲಿಟ್ಟು ಕೀಲಿ ಹಾಕಿದರು. "ಇರಲಿ. ಮುಂದಿನ ತಪಾಸಣಿಗೆ ಬೇಕಾಗ್ತದ." ಆಮೇಲೆ ಸ್ಟೋರಿನ ಕೀಲಿ ಕೊಡು ಎಂದು ಕೈ ಚಾಚಿದರು. ನನ್ನ ಬಾಯಿತುಂಬ ಅರಿವೆ ತುರುಕಿತ್ತು, ಕೇಳಿಸಲಿಲ್ಲ ಎಂಬಂತೆ ಎದ್ದು ಹೋದೆ. ಆ ಕೀಲಿ ಮತ್ತೆ ನನ್ನ ಸೊಂಟ ಬಿಡಲಿಲ್ಲ.

ಈಗ ವಿದ್ಯಾಪೀಠದ ರಸ್ತೆಯಲ್ಲೇ ಆಟದ ಸಾಮಾನಿನ ಅಂಗಡಿ ಇದೆ, ನನ್ನದೇ. ಹೆಸರಿನ ಹಲಗೆ ನಾನೇ ಬರೆದದ್ದು. ಕಪಾಟುಗಳಿಗೆ ಬಾಗಿಲಿಲ್ಲ, ಯಾರು ಬೇಕಾದರೂ ಚೆಂಡು ಪುಟಿಸಿ ನೋಡಬಹುದು. ಇದಕ್ಕೆಲ್ಲ ನಾನು ಕೊಟ್ಟ ಬೆಲೆ ಒಂದು ಹಲ್ಲು. ಅದನ್ನೂ ಸಾಹೇಬರು ತಾವು ನಿವೃತ್ತರಾದ ದಿನ, ಡಾಂಬರ ಗುಳಿಗೆಯ ಸಮೇತ, ವಾಪಸು ಕೊಟ್ಟರು:

"ನೋಡು ಬಾಯಿ, ಯಾರಿಗೂ ಕೊಟ್ಟಿಲ್ಲ. ಒಂಚೂರೂ ಸವೆದಿಲ್ಲ."