ಪದವೀಧರನ ಟೆಂಟು

“ನಿನ್ನ ಕೈಲೆ ಟೆಂಟ್ ಹಾಕೂದು ಆಗಂಗಿಲ್ಲ ತಮ್ಮಾ” ಎಂದು ಮೊದಲು ಹೇಳಿದವಳು ನಮ್ಮವ್ವ. ಎರಡನೆಯವಳು ನನ್ನ ಹೆಂಡತಿ ಶಾಂತಾ. ಮುಂಬೈಯ ವಿಕ್ರೋಳಿಯ ನಮ್ಮ ಮನೆಯಲ್ಲಿ ಮೂರನೆಯವನು ನಾನೇ ಆದ್ದರಿಂದ ನಿರ್ಣಯವು ಬಹುಮತದಿಂದ ಅಂಗೀಕಾರವಾಯಿತು.

ನಾನು ಬಿ.ಕಾಂ. ವಂಶದಲ್ಲೇ ಮೊದಲ ಪದವೀಧರ! ಅವ್ವ ವಿಜಾಪುರದ ಕಡೆಯಿಂದ ಬಂದು ಪವಾಯಿಯ ಬಿಲ್ಡಿಂಗುಗಳಿಗೆ ಮರಳು ಹೊತ್ತವಳು. ಕೆಲಸದ ಪಕ್ಕದಲ್ಲೇ ತಾಡಪತ್ರಿ ಕಟ್ಟಿ ನಮ್ಮ ಸಂಸಾರ. ನಾನು ಹಗ್ಗ ಮುಟ್ಟಿದರೆ “ಬಿಡು, ನೀ ಓದು” ಎಂದು ಕೈಗೆ ಬಡಿಯುತ್ತಿದ್ದಳು. ಹಗಲು ಫೋರ್ಟ್‌ನ ಹೋಟೆಲಿನಲ್ಲಿ ತಟ್ಟೆ ಎತ್ತಿ, ಸಂಜೆ ಕಾಲೇಜಿಗೆ ಹೋಗಿ, ಒಮ್ಮೆ ನಪಾಸಾಗಿ, ಓದಿದೆ. ಹೀಗಾಗಿ ಪೈಜಾಮದ ಲಾಡಿ ಬಿಟ್ಟರೆ ಬೇರೆ ಗಂಟು ಹಾಕಲು ನನಗೆ ಬರುವುದಿಲ್ಲ.

ಅಲಿಬಾಗ್ ಆಚೆ, ಒಂದು ಕಡೆ ಕಾಡು, ಇನ್ನೊಂದು ಕಡೆ ಸಮುದ್ರ ಇರುವ ಕ್ಯಾಂಪೊಂದರ ಜಾಹೀರಾತು ನೋಡಿದೆ. ಸ್ವಂತ ಕೈಯಿಂದ ಟೆಂಟ್ ಹಾಕಿದವರಿಗೆ ಸರ್ಟಿಫಿಕೇಟ್! ಸರ್ಟಿಫಿಕೇಟ್ ಎಂದರೆ ನನಗೆ ಜೀವ. ನನ್ನ ಕೈಗೂ ಕೆಲಸ ಬರುತ್ತದೆಂದು ಅವ್ವನಿಗೆ ಒಮ್ಮೆ ತೋರಿಸಲೇಬೇಕಿತ್ತು. ಗೆಳೆಯನ ಕಾರು ಕೇಳಿ ತಂದು ಮೂವರೂ ಹೊರಟೆವು.

ಮೊದಲು ಕಾಡಿನಲ್ಲಿ ನಡಿಗೆ. ನಕಾಶೆ ಓದುವ ಗುರುತರ ಜವಾಬ್ದಾರಿ ಸಹಜವಾಗಿಯೇ ಪದವೀಧರನದು. ಎರಡು ತಾಸು ನಡೆದ ಮೇಲೆ ಮರಗಳ ನಡುವೆ ಬಿಳಿ ಕಾರೊಂದು ಕಂಡಿತು.

“ನೋಡ ಶಾಂತಾ, ದಾರಿ ಕರೆಕ್ಟ್ ಐತಿ. ಬ್ಯಾರೆಯವರೂ ಬಂದಾರ.”

“ರೀ, ಅದು ನಮ್ಮ ಗಾಡಿರಿ!”

ಇರಲಿ. ಸಮುದ್ರದ ದಂಡೆಯಲ್ಲಿ ಟೆಂಟಿನ ಇಂಗ್ಲಿಷ್ ಸೂಚನಾ ಪುಸ್ತಕವನ್ನು ಸುತ್ತಲಿನವರಿಗೆಲ್ಲ ಕೇಳುವಂತೆ ಓದಿದೆ. ಅದರಂತೆ ಗೂಟ ಬಡಿದೆ. ಒಂದೇ ಏಟಿಗೆ ಮರಳಿನೊಳಗೆ ಇಳಿದವು. ಎಷ್ಟು ಸುಲಭ! ಗಾಳಿ ಬಂತು. ಅಷ್ಟೇ ಸುಲಭವಾಗಿ ಹೊರಗೂ ಬಂದವು. ಟೆಂಟು ಉರುಳುತ್ತ, ಪಕ್ಕದ ಕುಟುಂಬ ಊಟಕ್ಕೆ ಕುಳಿತಲ್ಲಿಗೇ ನಡೆಯಿತು. ಬೆನ್ನಟ್ಟಿ ಅದರ ಮೇಲೆ ಬಿದ್ದೆ. ಟೆಂಟು ನಿಂತಿತು. ಅವರ ಪುಲಾವು ನನ್ನ ಅಂಗಿಗೆ ಬಂತು.

“ಪುಸ್ತಕದಾಗ ಗಾಳಿ ಬಗ್ಗೆ ಏನೂ ಬರದಿಲ್ಲೇನ್ರೀ?” ಶಾಂತಾ ಕೇಳಿದಳು.

“ಐತಿ. ಮುಂದಿನ ಪುಟದಾಗ.”

ಅವ್ವ ರೊಟ್ಟಿ, ಚಟ್ನಿ ತಂದಿದ್ದ ಚೀಲಗಳನ್ನು ಝಾಡಿಸಿದಳು. “ಸರಿ ಅತ್ತಾಗ. ಉಸುಕು ನನಗ ಹೊಸಾದೇನ?” ಎಂದು ಆ ನಾಲ್ಕು ಚೀಲಗಳಿಗೆ ಮರಳು ತುಂಬಿ, ಟೆಂಟಿನ ಹಗ್ಗಗಳನ್ನು ಅವಕ್ಕೆ ಬಿಗಿದು, ಕುಣಿ ತೋಡಿ ಹೂತಳು. ಅಷ್ಟೂ ಹೊತ್ತು ನಾನು ಮಹತ್ವದ ನೆರವು ನೀಡಿದೆ. ಅವಳ ಚಪ್ಪಲಿ ಹಿಡಿದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಟೆಂಟು ನಿಂತಲ್ಲೇ ಇತ್ತು. ಕ್ಯಾಂಪಿನ ಹುಡುಗಿ ಸರ್ಟಿಫಿಕೇಟ್ ತಂದು, ಹೆಸರು ಬರೆಯಲು ಪೆನ್ನು ತೆರೆದು ನನ್ನ ಮುಖ ನೋಡಿದಳು. ನನ್ನ ಹೆಸರೇ ನಾಲಿಗೆಯ ತುದಿಗೆ ಬಂದಿತ್ತು. ಪದವೀಧರನೂ ಮನುಷ್ಯನೇ! ಕೊನೆಗೆ ಅವ್ವನ ಹೆಸರು ಹೇಳಿದೆ.

“ಘ್ಯಾ ಮಾವಶೀ,” ತಗೊಳ್ಳಿ ಚಿಕ್ಕಮ್ಮ, ಎಂದು ಮರಾಠಿಯಲ್ಲಿ ಹೇಳಿ ಹುಡುಗಿ ಅದನ್ನು ಅವ್ವನ ಕೈಗಿಟ್ಟಳು. ಓದಲು ಬಾರದ ಅವ್ವ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಏನ ಬರದಾರ?”

“ನಿನಗ ಟೆಂಟ್ ಹಾಕಾಕ ಬರತೈತಿ ಅಂತ.”

“ಪವಾಯ್ದಾಗ ಬಿಲ್ಡಿಂಗ್ ಮುಗದ ಕೂಡ್ಲೆ ನಮ್ಮ ತಾಡಪತ್ರಿ ಕಿತ್ತೊಗೀತಿದ್ರು. ಇಲ್ಲಿ ಕಾಗದಾ ಕೊಡ್ತಾರ ನೋಡು!” ಅವ್ವ ನಕ್ಕಳು. “ಮನ್ಯಾಗ ನಿನ್ನ ಡಿಗ್ರಿ ಬಾಜೂಕ ಹಾಕೋಣು. ಮೊಳಿ ಮಾತ್ರ ನಾನ ಹೊಡೀತೀನಿ.”